ಖಾರದ ಪರೀಕ್ಷೆ

೧೯೭೮ರ ಬೇಸಿಗೆಯ ಒಂದು ಮಧ್ಯಾಹ್ನ, ಈಶ್ವರಮಂಗಲದ ನಮ್ಮ ಸೌದೆ ಕೊಟ್ಟಿಗೆಯಲ್ಲಿ ಒಂಬತ್ತು ವರ್ಷದ ಅಕ್ಕನ ಬೆರಳಿಗೆ ಏನೋ ಕಚ್ಚಿತು. ಕಚ್ಚಿದ್ದನ್ನು ಯಾರೂ ನೋಡಲಿಲ್ಲ. ಕಾಳುಮೆಣಸು ಜಜ್ಜಿದ ವಾಸನೆ ಬಂದರೆ ನನಗೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಹಾವಿನ ವಿಷ ಏರಿದವರಿಗೆ ಖಾರ ಗೊತ್ತಾಗುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಅಜ್ಜಿ ಅಕ್ಕನಿಗೆ ನಾಲ್ಕು ಕಾಳುಮೆಣಸು ಅಗಿಯಲು ಕೊಟ್ಟರು.

“ಖಾರ ಉಂಟಾ?”

“ಉಂಟು ಅಜ್ಜಿ, ತುಂಬ ಉಂಟು!”

“ಹಾಗಾದ್ರೆ ಚೇಳು ಮಾರಾಯ್ತಿ. ಸಂಜೆಗೆ ಇಳೀತದೆ.”

ಹಾವಲ್ಲ ಎಂದು ಎಲ್ಲರೂ ನಕ್ಕರು. ಮಾವ, “ಇಷ್ಟಕ್ಕೆ ಊರಿಡೀ ಕೇಳುವ ಹಾಗೆ ಕೂಗುದಾ?” ಎಂದರು. ಅಕ್ಕನೂ ನಗಲು ನೋಡಿದಳು. ನಾನು ಹಿಡಿದಿದ್ದ ಅವಳ ಕೈ ಬಾವಿನೀರಿನಂತೆ ತಣ್ಣಗಿತ್ತು. ಅಂಗಿ ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಅಷ್ಟು ಬೆವರುವವಳ ಕೈ ತಣ್ಣಗಿರುವುದು ಹೇಗೆಂದು ನನಗೆ ತಿಳಿಯಲಿಲ್ಲ.

“ಅಜ್ಜಿ, ಇವಳ ಕೈ ತಣ್ಣಗುಂಟು.”

“ಹೆದರಿದ್ದು ಅದು. ನೀನು ಇನ್ನೂ ಹೆದರಿಸ್ಬೇಡ.”

ಸಂಜೆ ಅಕ್ಕನಿಗೆ ಮೂರನೆಯ ಸಲ ವಾಂತಿಯಾದಾಗ ಅಪ್ಪ ಜೀಪು ತಂದರು. ನಾನೂ ಹತ್ತಿದೆ. ಪುತ್ತೂರಿನ ಡಾಕ್ಟರು ಬೆರಳನ್ನು ಹೆಚ್ಚು ನೋಡಲಿಲ್ಲ. ಅಂಗೈ, ಅಂಗಾಲು ಮುಟ್ಟಿ ನೋಡಿದರು.

“ಚೇಳೇ. ವಿಷ ಹೃದಯಕ್ಕೆ ಹೋದ್ರೆ ಹೀಗೆ ಮೈ ತಣ್ಣಗಾಗ್ತದೆ. ತಣ್ಣಗಾಗಿ ಎಷ್ಟು ಹೊತ್ತಾಯ್ತು?”

ಅಪ್ಪ ಆಗಷ್ಟೇ ಅವಳ ಕೈ ಮುಟ್ಟಿ ನೋಡಿದರು.

“ಮಧ್ಯಾಹ್ನವೇ,” ಎಂದೆ ನಾನು.

ಅಕ್ಕ ಮರುದಿನ ಬೆಳಿಗ್ಗೆ ತೀರಿಕೊಂಡಳು.