ಒಂದೇ ಪರದೆಯಲ್ಲಿ ಎರಡು ಟೂಲ್‌ಕಿಟ್

ತುಮಕೂರಿನ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಮೇಘಶ್ರೀ ಅಂತ ಒಬ್ಬ ಹುಡುಗಿ ಕೆಲಸ ಮಾಡುತ್ತಿದ್ದಳು...

ಮಾತು ನಿಂತುಹೋದವರಿಗಾಗಿ ಆ ಆಫೀಸಿನವರು ಒಂದು ಪ್ರೋಗ್ರಾಂ ಮಾಡಿದ್ದರು. ಪರದೆಯ ಮೇಲೆ ದೊಡ್ಡ ದೊಡ್ಡ ಅಕ್ಷರಗಳು. ಒಂದೊಂದನ್ನೇ ಆರಿಸಿದರೆ ಕಂಪ್ಯೂಟರ್ ಆ ಮಾತನ್ನು ಗಟ್ಟಿಯಾಗಿ ಹೇಳುತ್ತಿತ್ತು.

ಗಂಗಹನುಮಯ್ಯನವರು ಅದನ್ನು ಎಷ್ಟೋ ವರ್ಷಗಳಿಂದ ಬಳಸುತ್ತಿದ್ದರು. ನಿವೃತ್ತ ವಾಲಿಬಾಲ್ ಕೋಚ್... ನರಗಳ ಕಾಯಿಲೆ ಮೊದಲು ಕಾಲು, ಆಮೇಲೆ ಕೈ, ಕೊನೆಗೆ ದನಿಯನ್ನೂ ಕಿತ್ತುಕೊಂಡಿತ್ತು.

ಅಕ್ಷರ ಆರಿಸಲು ಉಳಿದದ್ದು ಬಲಗೈಯ ಒಂದು ಬೆರಳು. ಈಗ ಅದೂ ಸೋಲುತ್ತಿತ್ತು...

ಅವರ ಪತ್ನಿ ವರಲಕ್ಷ್ಮಮ್ಮ ಆಫೀಸಿಗೇ ಬಂದರು.

"ಕಣ್ಣಲ್ಲಿ ನೋಡಿದ್ರೇ ಅಕ್ಷರ ಬೀಳೋ ಹಂಗೆ ಏನೋ ಬಂದೈತಂತಲ್ಲಮ್ಮ... ಡಾಕ್ಟ್ರು ಹೇಳಿದ್ರು. ಅದನ್ನ ನಮ್ಮ ಯಜಮಾನ್ರ ಕಂಪ್ಯೂಟ್ರಿಗೆ ಸೇರಿಸ್ಕೊಡಿ."

ಮೇಘಶ್ರೀ ಕೋಡ್ ತೆರೆದು ನೋಡಿದಳು. ಇದು ಸುಲಭದ ಕೆಲಸವಲ್ಲ ಎಂದು ಗೊತ್ತಾಯಿತು.

ಪರದೆಯ ಮೇಲೆ ಬಟನ್, ಅಕ್ಷರ, ಚಿತ್ರಗಳನ್ನು ಮೂಡಿಸುವ ಸಲಕರಣೆಗೆ ಟೂಲ್‌ಕಿಟ್ ಅನ್ನುತ್ತಾರೆ. ಹಳೆಯ ಪ್ರೋಗ್ರಾಂ ಒಂದು ಟೂಲ್‌ಕಿಟ್‌ನಲ್ಲಿತ್ತು. ಕಣ್ಣಿನ ಚಲನೆ ಹಿಡಿಯುವ ಹೊಸ ಭಾಗ ಇನ್ನೊಂದರಲ್ಲಿತ್ತು... ಎರಡಕ್ಕೂ ಪರದೆ ತನ್ನದೇ ಅನ್ನುವ ಗತ್ತು!

ಆಫೀಸಿನ ಮುಖ್ಯಸ್ಥ ರುದ್ರಸ್ವಾಮಿ ತಲೆಯಾಡಿಸಿದರು. "ಸೇರಿಸೋಕೆ ಹೋಗ್ಬೇಡ ಮೇಘಾ, ಸುಮ್ನೆ ತಲೆನೋವು. ಹಳೇದನ್ನ ಎಸೆದು ಪೂರ್ತಿ ಹೊಸದಾಗಿ ಬರೆಯೋಣ. ಒಂದು ವರ್ಷ ಆಗುತ್ತೆ, ಅಷ್ಟೇ."

ಮೇಘಶ್ರೀಗೂ ಅದೇ ಸರಿ ಅನಿಸಿತು. ವರಲಕ್ಷ್ಮಮ್ಮನಿಗೆ ಹಾಗೇ ಹೇಳಿದಳು.

ಆ ತಾಯಿ ಅವಳ ಕೈ ಹಿಡಿದುಕೊಂಡರು...

"ಯಾವ ಅಕ್ಷರ ಎಲ್ಲೈತೆ ಅಂತ ಅವ್ರಿಗೆ ಮನಸ್ಸಲ್ಲೇ ಗೊತ್ತು ಕಣಮ್ಮ. ಪೂರ್ತಿ ಹೊಸದಾದ್ರೆ ಮತ್ತೆ ಮೊದ್ಲಿಂದ ಕಲೀಬೇಕು. ಅಷ್ಟು ಟೈಮು ಅವ್ರಿಗೆಲ್ಲೈತೆ?"

ಮೇಘಶ್ರೀ ಸೀದಾ ರುದ್ರಸ್ವಾಮಿಯವರ ಮುಂದೆ ಹೋಗಿ ನಿಂತಳು.

"ಸರ್, ಹಳೇದು ಹಂಗೇ ಇರ್ಲಿ. ಹೊಸದನ್ನ ಅದರೊಳಗೇ ಕೂರಿಸ್ತೀನಿ."

"ಆಗ್ದೇ ಇದ್ರೆ?"

"ಆಗೋವರ್ಗೂ ಮಾಡ್ತೀನಿ ಸರ್."

ಹಳೆಯ ಪರದೆಯಲ್ಲಿ ಒಂದು ಚೌಕ ಬಿಡಿಸಿ, ಹೊಸ ಟೂಲ್‌ಕಿಟ್ ಅನ್ನು ಅಲ್ಲಿ ಕೂರಿಸಿದಳು. ಒಮ್ಮೆ ಅಕ್ಷರ ಮಾಯವಾಯಿತು, ಇನ್ನೊಮ್ಮೆ ಕ್ಯಾಮೆರಾ ಕಪ್ಪಾಯಿತು... ಒಂದೊಂದೇ ಸರಿಮಾಡಿಕೊಂಡು ಕೋಚ್ ಮನೆಗೆ ಹೋದಳು.

ಅಷ್ಟರಲ್ಲಿ ಆ ಬೆರಳು ಪೂರ್ತಿ ನಿಂತುಹೋಗಿತ್ತು.

ಕೋಚ್ ಪರದೆ ನೋಡಿದರು. ಒಂದು ಅಕ್ಷರ ಬಿತ್ತು. ಎಲ್ಲರ ಮುಖ ಅರಳಿತು... ಅಷ್ಟೇ. ಇಡೀ ಪರದೆ ಹೆಪ್ಪುಗಟ್ಟಿ ನಿಂತಿತು.

ವರಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಮೇಘಶ್ರೀ ಮಂಚದ ಪಕ್ಕ ಕೂತು ಕೇಳಿದಳು. "ಸರ್, ಇನ್ನೊಂದ್ಸಲ ಪ್ರಯತ್ನ ಮಾಡ್ಲಾ? ಹೌದು ಅಂದ್ರೆ ಕಣ್ಣು ಮುಚ್ಚಿ ತೆಗೀರಿ."

ಅವರು ಕಣ್ಣು ಮುಚ್ಚಿದರು... ತೆರೆದರು... ಮತ್ತೆ ಅವಳನ್ನೇ ನೋಡಿದರು.

ಆಫೀಸಿಗೆ ಬಂದು ಕೋಡನ್ನು ಸಾಲು ಸಾಲಾಗಿ ಓದಿದಳು. ಕೊನೆಗೂ ತಪ್ಪು ಸಿಕ್ಕಿತು! ಒಂದು ಟೂಲ್‌ಕಿಟ್ ಇನ್ನೊಂದರ ಬಟನ್‌ಗಳನ್ನು ನೇರವಾಗಿ ಮುಟ್ಟುತ್ತಿತ್ತು. ಅದು ಇದಕ್ಕಾಗಿ ಕಾಯುತ್ತ, ಇದು ಅದಕ್ಕಾಗಿ ಕಾಯುತ್ತ, ಎರಡೂ ನಿಂತುಬಿಡುತ್ತಿದ್ದವು.

ಅವಳು ದಾರಿ ಬದಲಿಸಿದಳು. ಇನ್ನು ಮೇಲೆ ಮುಟ್ಟುವಂತಿಲ್ಲ... 'ಈ ಕೆಲಸ ಮಾಡು' ಎಂದು ಸಂದೇಶ ಕಳಿಸಿ, ಕಾಯದೆ ತನ್ನ ಪಾಡಿಗೆ ತನ್ನ ಕೆಲಸ ಮುಂದುವರಿಸಬೇಕು. ಇನ್ನೊಂದು ತನ್ನ ಸರದಿ ಬಂದಾಗ ಅದನ್ನು ಮಾಡುತ್ತದೆ.

ಮತ್ತೆ ಅದೇ ಮನೆ, ಅದೇ ಮಂಚ. ಈ ಸಲ ರುದ್ರಸ್ವಾಮಿಯವರೂ ಜೊತೆಗೆ ಬಂದಿದ್ದರು.

ಕೋಚ್ ಕಣ್ಣು ನಿಧಾನವಾಗಿ ಚಲಿಸಿತು. ಒಂದಕ್ಷರ... ಇನ್ನೊಂದು... ಮತ್ತೊಂದು... ಪರದೆ ನಿಲ್ಲಲಿಲ್ಲ!

ಕಂಪ್ಯೂಟರ್ ಹೇಳಿತು: "ಮಕ್ಕಳು ಗಲಾಟೆ ಮಾಡಲಿ."

ಯಾರಿಗೂ ಅರ್ಥವಾಗಲಿಲ್ಲ. ಕೋಚ್ ಮತ್ತೆ ಪರದೆ ನೋಡಿದರು.

"ಈ ಮೌನ ನನಗೆ ಬೇಡ."

ವರಲಕ್ಷ್ಮಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ... ಇವ್ರಿಗೆ ತೊಂದ್ರೆ ಆಗ್ಬಾರ್ದು ಅಂತ ಮೊಮ್ಮಕ್ಕಳನ್ನ ಈ ರೂಮಿಗೇ ಬಿಡ್ತಿರ್ಲಿಲ್ಲ ಕಣಮ್ಮ. ಜೋರಾಗಿ ಮಾತಾಡಿದ್ರೂ ಬೈತಿದ್ದೆ..."

ಕಣ್ಣು ಮುಚ್ಚಿ ತೆರೆದು 'ಹೌದು' ಅನ್ನಲು ಅವರಿಗೆ ಬರುತ್ತಿತ್ತು. ಆದರೆ 'ಮಕ್ಕಳು ಒಳಗೆ ಬರಬಹುದಾ?' ಎಂದು ಅವರನ್ನು ಯಾರೂ ಕೇಳಿರಲೇ ಇಲ್ಲ...

ವರಲಕ್ಷ್ಮಮ್ಮ ಹೋಗಿ ಬಾಗಿಲು ಪೂರ್ತಿ ತೆರೆದರು. "ಬನ್ರೋ! ತಾತ ಕರೀತಾವ್ರೆ!"

ಮಕ್ಕಳು ಕೂಗುತ್ತ ಒಳಗೆ ನುಗ್ಗಿದರು. ಒಬ್ಬಳು ಮಂಚವನ್ನೇ ಹತ್ತಿದಳು. ಯಾರೂ ಬೈಯಲಿಲ್ಲ.

ಆ ಗದ್ದಲದ ನಡುವೆ ಕೋಚ್ ಕಣ್ಣಂಚಿನಿಂದ ನೀರಿಳಿಯಿತು. ರುದ್ರಸ್ವಾಮಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು...

ಹೊಸದು ಬರಬೇಕೆಂದರೆ ಹಳೆಯದನ್ನು ಕಿತ್ತೆಸೆಯಲೇಬೇಕು ಅಂತಿಲ್ಲ, ಎರಡಕ್ಕೂ ಜಾಗ ಮಾಡಿಕೊಡುವ ಹಠ ಬೇಕು.

ನಿಮ್ಮ ಮನೆಯಲ್ಲಿ ಯಾರಿಗೆ ಏನು ಬೇಕೆಂದು ಅವರನ್ನು ಕೇಳದೆಯೇ ತೀರ್ಮಾನ ಮಾಡುತ್ತಿದ್ದೀರಿ...? ಇವತ್ತೇ ಒಮ್ಮೆ ಕೇಳುತ್ತೀರಾ?