ಟೆರೇಸ್ ಮೇಲಿನ ರೂಮು

ಆ ಭಾನುವಾರ ತಿರುಮಲೇಶ ಒಂದೇ ಒಂದು ಕುರ್ಚಿ ಹಾಕಲಿಲ್ಲ.

ಉತ್ತರಹಳ್ಳಿಯ ಆ ಪ್ರಾರ್ಥನಾ ಹಾಲ್‌ಗೆ ಮೂರು ವರ್ಷದಿಂದ ಬೆಳಿಗ್ಗೆ ಆರಕ್ಕೇ ಬಂದು, ಬೀಗ ತೆಗೆದು, ಕಸ ಗುಡಿಸಿ, ನೂರಿಪ್ಪತ್ತು ಪ್ಲಾಸ್ಟಿಕ್ ಕುರ್ಚಿಗಳನ್ನು ದಾರ ಹಿಡಿದ ಹಾಗೆ ಸಾಲಾಗಿ ಇಡುತ್ತಿದ್ದವನು ಇವತ್ತು ಬಾಗಿಲಿಗೆ ಒರಗಿ, ಕೈ ಕಟ್ಟಿ ನಿಂತುಬಿಟ್ಟ. ಎಲ್ಲಿ ಕೂತ್ಕೊಂಡು ಸ್ತುತಿ ಮಾಡ್ತಾರೋ ನೋಡೇಬಿಡೋಣ.

ಕಾರಣ, ಟೆರೇಸ್ ಮೇಲಿನ ರೂಮು. ಅಲ್ಲಿದ್ದ ವಾಚ್‌ಮನ್ ಬಿಟ್ಟುಹೋದ ಮೇಲೆ ನಲ್ಲಿ ರಿಪೇರಿ ಮಾಡಿದ್ದು ಯಾರು? ಸುಣ್ಣ ಹೊಡೆದದ್ದು ಯಾರು? ಬಾಡಿಗೆಯಿಲ್ಲದ ಆ ರೂಮು ತನಗಲ್ಲದೆ ಇನ್ಯಾರಿಗೆ ಅಂತ ಅವನು ಹೊಸ ಚಾಪೆ ಕೂಡ ತಂದಿಟ್ಟುಕೊಂಡಿದ್ದ. ನಿನ್ನೆ ಸಂಜೆ ಪಾಸ್ಟರ್ ಫೋನ್ ಮಾಡಿದರು.

"ರೂಮು ರೇಣವ್ವಂಗೆ ಕೊಡೋದು ಅಂತ ಕಮಿಟಿಲಿ ಆಯ್ತಪ್ಪ. ಅವಳಿಗಿನ್ನೂ ಹೇಳಿಲ್ಲ. ನಾಳೆ ಆರಾಧನೆ ಮುಗಿದ ಮೇಲೆ ನೀನೇ ಹೇಳಿ ಕೀ ಕೊಡು."

"ಪಾಸ್ಟರ್, ನಾನು ಮೂರು ವರ್ಷದಿಂದ ಸೇವೆ ಮಾಡ್ತಿದೀನಿ. ಆಯಮ್ಮ ಬಂದು ಮೂರು ತಿಂಗಳಾಗಿಲ್ಲ."

"ನಿಂಗೆ ವಸಂತಪುರದಲ್ಲಿ ರೂಮಿದೆಯಲ್ಲ?"

"ಐದು ಜನ ಇದೀವಿ. ಒಬ್ಬ ಮಗ್ಗುಲು ಬದಲಾಯಿಸಿದ್ರೆ ಐದು ಜನಾನೂ ಬದಲಾಯಿಸ್ಬೇಕು."

"ಮಲಗೋಕೆ ಜಾಗ ಆದ್ರೂ ಇದೆಯಲ್ಲಪ್ಪ," ಅಂದು ಪಾಸ್ಟರ್ ಫೋನ್ ಇಟ್ಟಿದ್ದರು. ಪಾಸ್ಟರ್ ಫೋನ್ ಇಡಬಹುದು, ದೇವರಿಗೆ ಇಡೋಕಾಗಲ್ಲವಲ್ಲ. ತಿರುಮಲೇಶ ದೇವರನ್ನೇ ಹಿಡಿದು ವಿಚಾರಿಸಿಕೊಂಡಿದ್ದ: ನಿನ್ನ ಮನೆಯಲ್ಲೂ ಹೊಸಬರಿಗೇ ಮಣೆ ಅಂದ್ರೆ, ನಾವು ಯಾಕೆ ಬೆಳಿಗ್ಗೆ ಆರಕ್ಕೆ ಬರಬೇಕು ಸ್ವಾಮಿ?

ಮೊದಲು ಬಂದದ್ದು ಮುಂದಿನ ಸಾಲಿನ ಲಕ್ಷ್ಮಿದೇವಮ್ಮ. ರಾಶಿಯಿಂದ ಒಂದು ಕುರ್ಚಿ ಎಳೆದು ನೇರ ಫ್ಯಾನಿನ ಕೆಳಗೆ ಹಾಕಿಕೊಂಡರು. ಪಕ್ಕದಲ್ಲಿ ಇನ್ನೊಂದು ಹಾಕಿ ಬ್ಯಾಗ್ ಇಟ್ಟು ತಂಗಿಗೆ ಜಾಗ ಹಿಡಿದರು. ಹಿಂದೆ ಬಂದವರು ಅವರವರ ಕುರ್ಚಿ ಅವರವರೇ ತಗೊಂಡರು. ಐದೇ ನಿಮಿಷ. ಒಂದು ಕುರ್ಚಿ ಕಿಟಕಿಗೆ ಮುಖ, ಇನ್ನೊಂದು ಕಂಬಕ್ಕೆ ಮುಖ. ಒಬ್ಬರಾದರೂ ಯಾಕಪ್ಪಾ ಅಂತ ಕೇಳಬೇಕಲ್ಲ?

"ಮೂರು ವರ್ಷದಿಂದ ನನ್ನನ್ನ ಕಿಟಕಿ ಬಿಸಿಲಿಗೇ ಕೂರಿಸಿದ್ದೆ ನೋಡು," ಅಂದರು ಲಕ್ಷ್ಮಿದೇವಮ್ಮ, ಮುಖಕ್ಕೆ ಗಾಳಿ ಬೀಳಿಸಿಕೊಳ್ಳುತ್ತಾ. "ಇವತ್ತು ಎಷ್ಟು ಆರಾಮಾಗಿದೆ. ಪ್ರತಿ ವಾರ ಹಿಂಗೇ ಬಿಡು."

ತಿರುಮಲೇಶನಿಗೆ ಮೈ ಉರಿದುಹೋಯಿತು.

ಕೊನೆಗೆ ರೇಣವ್ವ ಬಂದಳು, ಒಂದು ಕೈಯಲ್ಲಿ ಆರು ವರ್ಷದ ಮಗಳು, ಇನ್ನೊಂದು ಕೈಯಲ್ಲಿ ಸೀರೆಯಲ್ಲಿ ಕಟ್ಟಿದ ಗಂಟು. ರಾಯಚೂರು ಕಡೆಯವಳು, ಕಟ್ಟಡದ ಕೆಲಸದವಳು. ಕುರ್ಚಿಗಳನ್ನು ನೋಡಿದಳು, ಇವನನ್ನು ನೋಡಿದಳು.

"ತಮ್ಮಾ, ಮೈಯಾಗ ಆರಾಮಿಲ್ಲೇನು?"

"ಯಾಕೆ?"

"ಕುರ್ಚಿ ನೀ ಹಾಕಿದ್ದಲ್ಲ ಇವು. ಅದಕ್ಕ ಕೇಳಿದೆ."

ತಿರುಮಲೇಶ ಮುಖ ತಿರುಗಿಸಿಕೊಂಡ. ಇಡೀ ಸಭೆಯಲ್ಲಿ ಕೇಳೋದಕ್ಕೆ ಈಯಮ್ಮನೇ ಬೇಕಿತ್ತಾ?

ದೇವರು ಮಾಡಿದ ಉಪಕಾರಕ್ಕೆ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವ ಹೊತ್ತಿಗೆ ತಾನೇ ಎದ್ದು ನಿಂತು, ಎಲ್ಲರ ಮುಂದೆ ಎಲ್ಲವನ್ನೂ ಕಕ್ಕಿಬಿಡೋಣ ಅಂದುಕೊಂಡಿದ್ದ. ಅಷ್ಟರಲ್ಲಿ ರೇಣವ್ವ ಎದ್ದಳು. ತಲೆ ಮೇಲೆ ಸೆರಗು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದಳು: "ಶುಕ್ರವಾರ ನಮ್ಮ ಶೆಡ್ ಕಿತ್ತಿದ್ರು. ಎರಡು ದಿನ ನಾನೂ ಮಗಳೂ ಕೆಲಸದ ಬಿಲ್ಡಿಂಗಿನ ಲಿಫ್ಟಿನ ಮುಂದ ಮಲಗಿದ್ವಿ. ಒಂದು ಕಡಿಗೆ ಗ್ವಾಡಿ ಇತ್ತು. ದೇವರಿಗೆ ಸ್ತೋತ್ರ." ಕೂತುಬಿಟ್ಟಳು.

ಹಾಳಾದ್ದು, ಇಂಥವರ ಜೊತೆ ಜಗಳ ಆಡೋದಾದರೂ ಹೇಗೆ? ಬಾಯಿಗೆ ಬಂದ ಮಾತನ್ನೆಲ್ಲ ನುಂಗಿ ತಿರುಮಲೇಶ ಆರಾಧನೆ ಮುಗಿಯುವವರೆಗೆ ನೆಲ ನೋಡುತ್ತಾ ನಿಂತ. ಆಮೇಲೆ ಅವಳ ಹತ್ತಿರ ಹೋಗಿ, "ನಿಮಗೆ ಮೇಲೆ ರೂಮು ಕೊಟ್ಟಿದ್ದಾರೆ, ಬನ್ನಿ ಅಕ್ಕ," ಅಂದ. ಅಂದದ್ದು ಬೈದ ಹಾಗೇ ಇತ್ತು.

ಮೆಟ್ಟಿಲು ಹತ್ತುವಾಗಲೂ ಒಂದು ಮಾತು ರೆಡಿ ಮಾಡಿಕೊಳ್ಳುತ್ತಿದ್ದ. ಇದಕ್ಕೆಲ್ಲ ದುಡಿದವನು ನಾನು, ಅಷ್ಟಾದರೂ ಗೊತ್ತಿರಲಿ.

ಬಾಗಿಲು ತೆಗೆದ. ಎಂಟಡಿ ಅಗಲ, ಹತ್ತಡಿ ಉದ್ದ, ಒಂದೇ ಕಿಟಕಿ. ರೇಣವ್ವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಮೂಲೆಯಲ್ಲಿ ಗಂಟು ಇಟ್ಟಳು. ಮಗಳನ್ನು ಗೋಡೆಗೆ ಒತ್ತಿ ಕೂರಿಸಿ, ತಾನೂ ಅವಳಿಗೆ ಅಂಟಿಕೊಂಡು ಕಾಲು ಮಡಚಿ ಕೂತಳು. ಮುಕ್ಕಾಲು ನೆಲ ಹಾಗೇ ಖಾಲಿ ಉಳಿಯಿತು.

"ನಮಗ ಇಷ್ಟ ಸಾಕು ತಮ್ಮಾ," ಅಂದಳು ಆ ಖಾಲಿ ನೆಲ ನೋಡುತ್ತಾ. "ಉಳಿದ ಮಂದಿ ಯಾವಾಗ ಬರ್ತಾರ?"