ಮುಂದಿನ ಸಾಲಿನ ಫಾದರ್

ಮೂರನೆಯ ದಿನವೂ ಫಾದರ್ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಬಿಳಿ ನಿಲುವಂಗಿ, ತೊಡೆಯ ಮೇಲೆ ನೋಟ್‌ಬುಕ್ಕು, ಕೈಯಲ್ಲಿ ಪೆನ್ನು. ತೆರೆಯ ಸಂದಿಯಿಂದ ಇಣುಕಿದ ನಂದಿತಾ ತಟ್ಟನೆ ಹಿಂದೆ ಸರಿದಳು.

'ಫಾದರ್ ಯಾರು?' ಅವಳ ನಿರ್ದೇಶನದ ಮೊದಲ ನಾಟಕ. ದಿನಾ ಸಂಜೆ ಗರುಡಾಚಾರ್‌ಪಾಳ್ಯದ ಆಫೀಸಿನಿಂದ ಹಲಸೂರಿಗೆ ಓಡಿಬಂದು ಎಂಟು ತಿಂಗಳು ತಾಲೀಮು ನಡೆಸಿದ್ದಳು. ಕಥೆ ಇಷ್ಟೇ. ಹೆಂಗಸೊಬ್ಬಳು ಕೂಸನ್ನೆತ್ತಿಕೊಂಡು ಚರ್ಚಿನ ಬಂಗಲೆಗೆ ಬಂದು "ಫಾದರ್ ಎಲ್ಲಿ?" ಅನ್ನುತ್ತಾಳೆ. ಅವಳು ಬಂದದ್ದು ಮಗುವಿನ ಜ್ಞಾನಸ್ನಾನಕ್ಕೆ ದಿನ ಗೊತ್ತುಮಾಡಲು. ಅಲ್ಲಿರುವ ಮೂವರು ಪಾದ್ರಿಗಳು ಮಾತ್ರ ಒಬ್ಬರನ್ನೊಬ್ಬರು ಅನುಮಾನಿಸಿ, ಒಬ್ಬರ ಮಾನ ಇನ್ನೊಬ್ಬರು ಉಳಿಸಹೋಗಿ, ಕೊನೆಗೆ ತಪಾಸಣೆಗೆ ಬಂದ ಬಿಷಪ್ಪರೇ ಕೂಸಿನ ಸಮೇತ ಬೀರುವಿನಲ್ಲಿ ಅಡಗಿ ಕೂರಬೇಕಾಗುತ್ತದೆ.

ಬರೆದವರು ಯಾರೋ ಅಂಜನಮೂರ್ತಿ. ನಾಟಕ ಬಂದದ್ದು ಇಮೇಲಿನಲ್ಲಿ. ಅವರ ಮುಖ ಕಂಡವರಿಲ್ಲ. ಪ್ರದರ್ಶನಕ್ಕೆ ಕರೆದರೆ, "ಶನಿವಾರ, ಭಾನುವಾರ ನನಗೆ ಕೆಲಸ ಜಾಸ್ತಿ" ಎಂದು ಉತ್ತರ ಬಂದಿತ್ತು.

ಮೊದಲ ದಿನ, ಶುಕ್ರವಾರ, ಜನ ಬಿದ್ದು ಬಿದ್ದು ನಕ್ಕರು. ಫಾದರ್ ತುಟಿ ಅಲುಗಿಸಲಿಲ್ಲ, ಬರೆಯುತ್ತಲೇ ಇದ್ದರು.

"ಬಿಷಪ್ ಹೌಸ್ ಕಾರಲ್ಲಿ ಬಂದಿದ್ದಾರೆ," ಎಂದ ಬಿಷಪ್ ಪಾತ್ರದ ಮಧುಕರ್. "ಕೇಸ್ ಹಾಕಿದ್ರೆ ಮೊದಲು ನನ್ನೇ ಎಳ್ಕೊಂಡ್ಹೋಗೋದು ನಂದಿತಾ. ಬೀರು ಸೀನ್ ಬೇಡ, ತೆಗೆದ್ಬಿಡು."

ಅಂಜನಮೂರ್ತಿಯವರನ್ನು ಕೇಳಿದರೆ ಒಂದೇ ಸಾಲು: "ಹೆದರಬೇಡಿ, ಏನೂ ಆಗಲ್ಲ." ಮನೆಯಲ್ಲಿ ಕೂತವರ ಧೈರ್ಯಕ್ಕೇನು ಬರ!

ಶನಿವಾರ ಬೀರುವಿನ ದೃಶ್ಯ ಹೋಯಿತು. ಭಾನುವಾರದ ಹೊತ್ತಿಗೆ ಬಿಷಪ್ಪರ ಬಾಯಲ್ಲಿ ಆಶೀರ್ವಾದ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಜನ ಆಕಳಿಸಿದರು. ಎರಡನೆಯ ಸಾಲಿನ ಗಂಡಹೆಂಡತಿ ನಡುವೆಯೇ ಎದ್ದುಹೋದರು. ತೆರೆ ಬಿದ್ದಾಗ ನಂದಿತಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇಷ್ಟು ಅಂಜುವವಳು ನಾಟಕ ಯಾಕೆ ಆಡಿಸಬೇಕಿತ್ತು?

ಆಗ ಫಾದರ್ ನೇರ ಗ್ರೀನ್ ರೂಮಿಗೇ ಬಂದರು. ಮಧುಕರ್ ತಲೆಯ ಮೇಲಿನ ನೇರಳೆ ಟೋಪಿಯನ್ನು ಕಿತ್ತು ಬೆನ್ನ ಹಿಂದೆ ಬಚ್ಚಿಟ್ಟ.

"ಸಾರಿ ಫಾದರ್," ನಂದಿತಾ ಶುರುಮಾಡಿದಳು. "ಯಾರ ಮನಸ್ಸನ್ನೂ ನೋಯಿಸ್ಬೇಕು ಅಂತ..."

"ಬಿಷಪ್ ತುಂಬಾ ನೊಂದಿದ್ದಾರೆ." ಫಾದರ್ ನೋಟ್‌ಬುಕ್ ಬಿಡಿಸಿದರು. "ದಿನಾ ರಿಪೋರ್ಟ್ ಕೊಡು ಅಂದಿದ್ರು. ಶುಕ್ರವಾರ ಜನ ನಕ್ಕಿದ್ದು ಅರವತ್ತೊಂದು ಸಲ. ನಿನ್ನೆ ಇಪ್ಪತ್ತೆರಡು. ಇವತ್ತು ನಾಲ್ಕು. ಅದ್ರಲ್ಲೂ ಒಂದು ಕೆಮ್ಮು ಇರ್ಬೇಕು."

ನಂದಿತಾ ಪಿಳಿಪಿಳಿ ಕಣ್ಣು ಬಿಟ್ಟಳು. ಫಾದರ್ ಮೊಬೈಲ್ ಒತ್ತಿ ಅವಳ ಕೈಗಿಟ್ಟರು. "ಬಿಷಪ್ ಲೈನಲ್ಲಿದ್ದಾರೆ. ಇವತ್ತಿನ ಲೆಕ್ಕ ನೀವೇ ಹೇಳಿ, ನನಗೆ ಧೈರ್ಯ ಇಲ್ಲ."

ಅವಳು ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ವಯಸ್ಸಾದ ದನಿಯೊಂದು, ಅಳುವುದೊಂದು ಬಾಕಿ:

"ಅಂಜನಮೂರ್ತಿ ಅಂದ್ರೆ ನಾನೇ ಕಣಮ್ಮ. ಇಡೀ ನಾಟಕದಲ್ಲಿ ನಿಜವಾಗಿ ನಡೆದಿದ್ದು ಅಂದ್ರೆ ಬೀರು ಸೀನ್ ಒಂದೇ. ಅದನ್ನೇ ತೆಗೆದ್ಬಿಟ್ಯಾ?"